ಎದುರು ವಾದಕ್ಕೆ ಯಾವ ಉತ್ತರ? ಶಿಕ್ಷಣದ ಬಗ್ಗೆ ಪ್ರಬಂಧ ಬರೆಯುವವರಿಗೆ ಒಂದು ಹೋಲಿಕೆ

ಈಚೆಗೆ ತಾಲ್ಲೂಕು ಮಟ್ಟದ ಪ್ರಬಂಧ ಸ್ಪರ್ಧೆಯೊಂದರ ಮೌಲ್ಯಮಾಪನಕ್ಕೆ ಕೂತಿದ್ದೆ. ವಿಷಯ ಹಳೆಯದೇ: ಪ್ರಾಥಮಿಕ ಶಿಕ್ಷಣ ಯಾವ ಮಾಧ್ಯಮದಲ್ಲಿರಬೇಕು? ಮೂವತ್ತೆಂಟು ಮಕ್ಕಳು ಬರೆದಿದ್ದರು, ಹೆಚ್ಚಿನವರು ಕನ್ನಡದ ಪರ. ಎರಡನೇ ಪುಟದ ಕೊನೆಗೆ ಬರುವಷ್ಟರಲ್ಲಿ ಒಂದಲ್ಲ ಒಂದು ರೂಪದಲ್ಲಿ ಅದೇ ಎರಡು ವಾಕ್ಯ ಕಾಣಿಸುತ್ತಿತ್ತು: ‘ಕೆಲವರು ಇಂಗ್ಲಿಷ್ ಮಾಧ್ಯಮವೇ ಬೇಕು ಎನ್ನುತ್ತಾರೆ. ಆದರೆ ಇದು ತಪ್ಪು.’ ಅಲ್ಲಿಗೆ ಎದುರು ವಾದದ ಕಥೆ ಮುಗಿಯಿತು. ಮುಂದಿನ ಸಾಲಿನಿಂದ ತಾಯ್ನುಡಿಯ ಹಿರಿಮೆ ಶುರು.

ಒಬ್ಬ ಹುಡುಗಿ ಮಾತ್ರ ಹೀಗೆ ಬರೆದಿದ್ದಳು: ‘ನನ್ನ ತಮ್ಮನನ್ನು ಅಮ್ಮ ಇಂಗ್ಲಿಷ್ ಶಾಲೆಗೆ ಹಾಕಿದ್ದಾಳೆ. ಗಾರ್ಮೆಂಟ್ಸ್‌ನಲ್ಲಿ ಓಟಿ ಮಾಡಿದ ದುಡ್ಡು ಪೂರ್ತಿ ಅವನ ಫೀಸಿಗೆ ಹೋಗುತ್ತದೆ. ಅಮ್ಮನಿಗೆ ಕನ್ನಡದ ಮೇಲೆ ಪ್ರೀತಿ ಇಲ್ಲ ಎಂದು ಹೇಳುವುದಕ್ಕೆ ನನ್ನಿಂದ ಆಗುವುದಿಲ್ಲ.’ ಅವಳೂ ಕನ್ನಡ ಮಾಧ್ಯಮದ ಪರವೇ ಬರೆದವಳು. ಆದರೆ ಉಳಿದವರ ‘ಕೆಲವರು’ ಇವಳ ಮನೆಯಲ್ಲಿ ಅಡುಗೆ ಮಾಡಿ, ಬುತ್ತಿ ಕಟ್ಟಿಕೊಂಡು, ಬೆಳಿಗ್ಗೆ ಏಳಕ್ಕೆ ಬಸ್ಸು ಹತ್ತುವ ಹೆಂಗಸು.

ಎದುರು ವಾದಕ್ಕೆ ಉತ್ತರ ಕೊಡುವ ದಾರಿಗಳು ಹಲವು. ಯಾವುದನ್ನು ಹಿಡಿಯಬೇಕು ಎನ್ನುವುದು ಎರಡು ಸಂಗತಿಗಳ ಮೇಲೆ ನಿಂತಿದೆ: ಆ ಮಾತಿನಲ್ಲಿ ಎಷ್ಟು ನಿಜವಿದೆ, ಆ ಮಾತು ಯಾರದು. ಇದನ್ನು ನೋಡದೆ ಎಲ್ಲದಕ್ಕೂ ಖಂಡನೆಯೊಂದನ್ನೇ ಬಳಸುವುದರಿಂದ ನಮ್ಮ ಪ್ರಬಂಧಗಳು ಸೊರಗುತ್ತಿವೆ. ಮಾಧ್ಯಮದ ಪ್ರಶ್ನೆಯನ್ನೇ ಇಟ್ಟುಕೊಂಡು ಒಂದೊಂದಾಗಿ ಹೋಲಿಸಿ ನೋಡೋಣ. ಕರ್ನಾಟಕದಲ್ಲಿ ಇದರಷ್ಟು ಕಾಲ, ಇದರಷ್ಟು ಬಿಸಿಯಾಗಿ ಚರ್ಚೆಯಾದ ಶಿಕ್ಷಣದ ವಿಷಯ ಇನ್ನೊಂದಿಲ್ಲ.

ಮೊದಲು ಎದುರು ಮಾತನ್ನು ಬಿಡಿಸಿಕೊಳ್ಳಿ

ಇಂಗ್ಲಿಷ್ ಮಾಧ್ಯಮ ಬೇಕು ಎನ್ನುವವರ ಮಾತು ಹೊರಗಿನಿಂದ ಒಂದೇ ಥರ ಕೇಳುತ್ತದೆ. ಒಳಗೆ ಕನಿಷ್ಠ ಮೂರು ಬಗೆಯಿದೆ.

‘ಕನ್ನಡ ಮಾಧ್ಯಮದಲ್ಲಿ ಓದಿದರೆ ಇಂಗ್ಲಿಷ್ ಬರುವುದಿಲ್ಲ’ ಎನ್ನುವುದು ಸಂಗತಿಯ ಮಾತು. ನಿಜವೋ ಸುಳ್ಳೋ ಎಂದು ಪರೀಕ್ಷಿಸಬಹುದು. ‘ನನ್ನ ಮಗು ಯಾವ ಭಾಷೆಯಲ್ಲಿ ಓದಬೇಕು ಎಂದು ತೀರ್ಮಾನಿಸುವುದು ನಾನು, ಸರ್ಕಾರವಲ್ಲ’ ಎನ್ನುವುದು ಹಕ್ಕಿನ ಮಾತು. ಇದಕ್ಕೆ ಅಂಕಿಅಂಶ ತಂದರೆ ಉತ್ತರವಾಗುವುದಿಲ್ಲ. ‘ನಾನು ಪಿಯುಸಿ ಸೈನ್ಸ್ ತಗೊಂಡು ಒಂದು ವರ್ಷ ಕ್ಲಾಸಲ್ಲಿ ಮೂಕನ ಥರ ಕೂತಿದ್ದೆ, ನನ್ನ ಮಗನಿಗೆ ಹಾಗಾಗಬಾರದು’ ಎನ್ನುವುದು ಅನುಭವದ ಮಾತು. ಅದು ಒಬ್ಬರ ಬದುಕಿನಲ್ಲಿ ನಡೆದದ್ದು. ಅದನ್ನು ‘ತಪ್ಪು’ ಎನ್ನುವುದಕ್ಕೆ ನಮಗೆ ಅಧಿಕಾರವೇ ಇಲ್ಲ.

ಹತ್ತಾರು ವರ್ಷ ಉತ್ತರಪತ್ರಿಕೆ ತಿದ್ದಿದವಳಾಗಿ ಹೇಳುತ್ತೇನೆ: ಹೆಚ್ಚಿನ ಪ್ರಬಂಧಗಳು ಸೋಲುವುದು ಇಲ್ಲೇ. ಹಕ್ಕಿನ ಮಾತಿಗೆ ಅಂಕಿಅಂಶ ಕೊಡುತ್ತಾರೆ, ಅನುಭವದ ಮಾತಿಗೆ ಭಾಷಣ ಕೊಡುತ್ತಾರೆ.

ಬಿಟ್ಟುಬಿಡುವುದು

ಎದುರು ವಾದವನ್ನು ಎತ್ತದೇ ಇರುವುದೂ ಒಂದು ಆಯ್ಕೆಯೇ. ಇನ್ನೂರು ಪದದ ಮಿತಿಯಿದ್ದರೆ, ಎದುರು ಮಾತು ತೀರಾ ಅಂಚಿನದಾಗಿದ್ದರೆ ಬಿಡಬಹುದು. ಆದರೆ ಓದುವವರ ಮನಸ್ಸಿನಲ್ಲಿ ಆಗಲೇ ಎದ್ದಿರುವ ಪ್ರಶ್ನೆಯನ್ನು ಬಿಟ್ಟರೆ ಅವರು ಆ ಪ್ರಶ್ನೆ ಹಿಡಿದುಕೊಂಡೇ ಕೊನೆಯ ಸಾಲಿನ ತನಕ ಬರುತ್ತಾರೆ. ಮಾಧ್ಯಮದ ಪ್ರಬಂಧದಲ್ಲಿ ಉದ್ಯೋಗದ ಪ್ರಶ್ನೆ ಅಂಥದ್ದು. ಅದನ್ನು ಬಿಡುವ ಹಾಗಿಲ್ಲ.

ಖಂಡನೆ

ಸಂಗತಿಯ ಮಾತಿಗೆ, ಅದೂ ಆ ಸಂಗತಿ ತಪ್ಪಾಗಿದ್ದಾಗ, ಖಂಡನೆಯೇ ಸರಿ. ಕೈಯಲ್ಲಿ ಗಟ್ಟಿ ಪುರಾವೆ ಇರಬೇಕು ಅಷ್ಟೇ.

‘ಕನ್ನಡ ಮಾಧ್ಯಮದಲ್ಲಿ ಓದಿದರೆ ಇಂಗ್ಲಿಷ್ ಬರುವುದಿಲ್ಲ’ ಎಂಬ ಮಾತನ್ನೇ ತೆಗೆದುಕೊಳ್ಳಿ. ಇದರೊಳಗೆ ಒಂದು ಗೊಂದಲ ಅಡಗಿದೆ. ಮಾಧ್ಯಮ ಬೇರೆ, ಭಾಷೆಯನ್ನು ಒಂದು ವಿಷಯವಾಗಿ ಕಲಿಯುವುದು ಬೇರೆ. ಕರ್ನಾಟಕದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿದೆ. ನೈಜೀರಿಯಾದ ಇಫೆ ಎಂಬಲ್ಲಿ 1970ರಲ್ಲಿ ಒಂದು ಪ್ರಯೋಗ ಶುರುವಾಯಿತು. ಪ್ರಾಥಮಿಕ ಶಾಲೆಯ ಆರೂ ವರ್ಷ ಮಕ್ಕಳಿಗೆ ಅವರ ಯೊರುಬಾ ಭಾಷೆಯಲ್ಲೇ ಪಾಠ, ಇಂಗ್ಲಿಷ್ ಒಂದು ವಿಷಯ ಮಾತ್ರ. ಆ ಮಕ್ಕಳು ಇಂಗ್ಲಿಷಿನಲ್ಲೂ ಹಿಂದೆ ಬೀಳಲಿಲ್ಲ. ಇಷ್ಟನ್ನು ಬರೆದರೆ ‘ಬರುವುದಿಲ್ಲ’ ಎಂಬ ಮಾತು ನಿಲ್ಲುವುದಿಲ್ಲ.

ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಇಫೆಯಲ್ಲಿ ಇಂಗ್ಲಿಷ್ ಕಲಿಸಲು ಆ ಭಾಷೆಯಲ್ಲಿ ನುರಿತ ಪ್ರತ್ಯೇಕ ಶಿಕ್ಷಕರಿದ್ದರು. ನಮ್ಮ ಹಳ್ಳಿಯ ಶಾಲೆಯಲ್ಲಿ ಒಬ್ಬರೇ ಮೇಷ್ಟ್ರು ಕನ್ನಡ, ಗಣಿತ, ಇಂಗ್ಲಿಷ್ ಮೂರನ್ನೂ ತೂಗಿಸಿಕೊಂಡು ಹೋಗುತ್ತಿರಬಹುದು. ಜಾಣ ಓದುಗ ಇದನ್ನು ಎತ್ತಿಯೇ ಎತ್ತುತ್ತಾನೆ. ಅವನಿಗಿಂತ ಮೊದಲು ನೀವೇ ಎತ್ತಿದರೆ ಪುರಾವೆ ದುರ್ಬಲವಾಗುವುದಿಲ್ಲ, ನಿಮ್ಮ ಬೇಡಿಕೆ ಇನ್ನಷ್ಟು ಖಚಿತವಾಗುತ್ತದೆ: ‘ಕನ್ನಡ ಮಾಧ್ಯಮ ಇರಲಿ, ಜೊತೆಗೆ ಇಂಗ್ಲಿಷಿಗೆ ಬೇರೆ ಶಿಕ್ಷಕರೂ ಬರಲಿ.’

ಖಂಡನೆಯ ದೊಡ್ಡ ಅಪಾಯ ಎದುರು ವಾದವನ್ನು ತಿರುಚಿ ಹೇಳಿ ಆಮೇಲೆ ಹೊಡೆಯುವುದು. ನಮ್ಮ ಹಳೆಯ ನ್ಯಾಯಶಾಸ್ತ್ರದವರು, ಅಂದರೆ ತರ್ಕಶಾಸ್ತ್ರದವರು, ಇದಕ್ಕೆ ‘ಛಲ’ ಎಂದು ಹೆಸರಿಟ್ಟಿದ್ದರು. ಕನ್ನಡದಲ್ಲಿ ನಾವು ಛಲ ಎಂದರೆ ಹಿಡಿದ ಹಟ ಎನ್ನುತ್ತೇವೆ, ಮೆಚ್ಚುಗೆಯಿಂದಲೇ. ಅವರ ಅರ್ಥ ಬೇರೆ. ಅವರು ಕೊಡುವ ಉದಾಹರಣೆ ಸೊಗಸಾಗಿದೆ. ‘ಈ ಹುಡುಗ ನವಕಂಬಳನು’ ಎಂದು ಒಬ್ಬ ಹೇಳುತ್ತಾನೆ, ಹೊಸ ಕಂಬಳಿ ಹೊದ್ದವನು ಎಂಬ ಅರ್ಥದಲ್ಲಿ. ಎದುರಿನವನು ‘ಇವನ ಹತ್ತಿರ ಒಂದೇ ಕಂಬಳಿಯಿದೆ, ಒಂಬತ್ತು ಎಲ್ಲಿವೆ?’ ಎಂದು ಕೇಳುತ್ತಾನೆ. ನವ ಎಂದರೆ ಹೊಸತೂ ಹೌದು, ಒಂಬತ್ತೂ ಹೌದು. ಅವನು ಗೆದ್ದ ಹಾಗೆ ಕಾಣುತ್ತದೆ, ಆದರೆ ಹೇಳಿದ ಮಾತಿಗೆ ಉತ್ತರ ಬಂದಿಲ್ಲ.

‘ಇಂಗ್ಲಿಷ್ ಬೇಕು ಎನ್ನುವವರು ಕನ್ನಡ ಸಾಯಲಿ ಎನ್ನುತ್ತಾರೆ’ ಎಂದು ಬರೆಯುವುದು ಇದೇ ಒಂಬತ್ತು ಕಂಬಳಿಯ ಲೆಕ್ಕ. ಉಲ್ಲೇಖ ಕೊಡುವಾಗಲೂ ಇದು ನಡೆಯುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಮಗುವಿನ ಮಾತೃಭಾಷೆಯಲ್ಲಿ ಬೋಧನೆ ಇರಬೇಕು ಎನ್ನುತ್ತದೆ, ‘ಕಾರ್ಯಸಾಧ್ಯವಿರುವ ಮಟ್ಟಿಗೆ’ ಎಂಬ ಮಾತಿನೊಂದಿಗೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕನಿಷ್ಠ ಐದನೇ ತರಗತಿಯವರೆಗೆ ಮನೆಮಾತಿನ ಮಾಧ್ಯಮ ಎನ್ನುತ್ತದೆ, ಅಲ್ಲೂ ‘ಸಾಧ್ಯವಿರುವ ಕಡೆಯೆಲ್ಲ’ ಎಂಬ ಮಾತಿದೆ. ಆ ಎರಡು ಪದ ನುಂಗಿ ಬರೆದವರನ್ನು ವಿಷಯ ಬಲ್ಲ ಪರೀಕ್ಷಕರು ಮುಂದೆ ನಂಬುವುದಿಲ್ಲ. ಹಾಗೆಯೇ 1982ರ ಗೋಕಾಕ್ ಚಳವಳಿ. ಅದನ್ನು ಕನ್ನಡ ಮಾಧ್ಯಮದ ಚಳವಳಿ ಎಂದು ಎಷ್ಟೋ ಮಕ್ಕಳು ಬರೆಯುತ್ತಾರೆ. ಅಲ್ಲಿನ ಮುಖ್ಯ ಬೇಡಿಕೆ ಪ್ರೌಢಶಾಲೆಯಲ್ಲಿ ಕನ್ನಡ ಪ್ರಥಮ ಭಾಷೆಯಾಗಬೇಕು ಎಂಬುದಾಗಿತ್ತು. ಮಾಧ್ಯಮದ ಜಗಳ ಬೇರೆ.

ಒಪ್ಪಿ ತಿರುಗಿಸುವುದು

ನನಗೆ ಎಲ್ಲಕ್ಕಿಂತ ಹೆಚ್ಚು ಬೆಲೆಯುಳ್ಳದ್ದು ಇದು, ಕಲಿಯಲು ಕಷ್ಟವಾದದ್ದೂ ಇದೇ. ಎದುರಾಳಿಯ ಆಧಾರವನ್ನು ಒಪ್ಪಿಕೊಂಡು, ಅದರಿಂದ ಅವರು ತೆಗೆಯುವ ತೀರ್ಮಾನ ಮಾತ್ರ ಹೊರಡುವುದಿಲ್ಲ ಎಂದು ತೋರಿಸುವುದು. ಎದುರಿನವರ ಮಾತನ್ನು ಸದ್ಯಕ್ಕೆ ಒಪ್ಪಿಕೊಂಡು ಮುಂದಿನ ವಿಚಾರಕ್ಕೆ ಇಳಿಯುವುದನ್ನು ನೈಯಾಯಿಕರು, ಅಂದರೆ ಅದೇ ನ್ಯಾಯಶಾಸ್ತ್ರದವರು, ‘ಅಭ್ಯುಪಗಮ’ ಎನ್ನುತ್ತಿದ್ದರು. ಹೆಸರು ಭಾರವಾದರೂ ಕೆಲಸ ನಮಗೆ ಗೊತ್ತಿರುವುದೇ. ‘ನೀನು ಹೇಳೋದು ಸರಿ ಕಣಪ್ಪ, ಆದರೆ ಅದಕ್ಕೂ ಇದಕ್ಕೂ ಏನು ಸಂಬಂಧ?’ ಎಂದು ಜಗಲಿ ಮೇಲೆ ಕೂತ ಹಿರಿಯರು ಕೇಳುವುದಿಲ್ಲವೇ?

ಇದರ ಒಳ್ಳೆಯ ಮಾದರಿ ನಮ್ಮ ಮಾಧ್ಯಮದ ಮೊಕದ್ದಮೆಯಲ್ಲೇ ಇದೆ. ಒಂದರಿಂದ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಬೋಧನೆ ಇರಬೇಕು ಎಂದು ಕರ್ನಾಟಕ ಸರ್ಕಾರ 1994ರಲ್ಲಿ ಆದೇಶ ಹೊರಡಿಸಿತು. ಖಾಸಗಿ ಶಾಲೆಗಳು ನ್ಯಾಯಾಲಯಕ್ಕೆ ಹೋದವು. 2008ರಲ್ಲಿ ಹೈಕೋರ್ಟು ಖಾಸಗಿ ಅನುದಾನರಹಿತ ಶಾಲೆಗಳಿಗೆ ಇದು ಅನ್ವಯಿಸದು ಎಂದಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿತು, ಸರ್ಕಾರ ಸೋತಿತು. ಆ ಪೀಠ ಸರ್ಕಾರದ ವಾದವನ್ನು ಹೇಗೆ ನಿಭಾಯಿಸಿತು ನೋಡಿ. ಚಿಕ್ಕ ಮಕ್ಕಳು ಮಾತೃಭಾಷೆಯಲ್ಲಿ ಚೆನ್ನಾಗಿ ಕಲಿಯುತ್ತಾರೆ ಎಂಬುದು ಸುಳ್ಳು ಎಂದು ಅದು ಹೇಳಲಿಲ್ಲ. ತಜ್ಞರೆಲ್ಲರೂ ಆ ಬಗ್ಗೆ ಒಮ್ಮತ ಹೊಂದಿದ್ದರೂ ಇರಬಹುದು, ಆದರೂ ಮಾನ್ಯತೆ ಬೇಕಾದರೆ ಮಾತೃಭಾಷೆಯಲ್ಲೇ ಕಲಿಸಬೇಕು ಎಂಬ ಷರತ್ತನ್ನು ಸರ್ಕಾರ ಹಾಕುವಂತಿಲ್ಲ ಎಂದಿತು. ಸಂಗತಿಯನ್ನು ಒಪ್ಪಿತು, ಅಧಿಕಾರವನ್ನು ಒಪ್ಪಲಿಲ್ಲ.

ಆ ತೀರ್ಪು ಬಂದ ದಿನ ನನಗೆ ತುಂಬ ಬೇಸರವಾಗಿತ್ತು, ಇವತ್ತಿಗೂ ಆ ಬೇಸರ ಪೂರ್ತಿ ಹೋಗಿಲ್ಲ. ಆದರೆ ವಾದದ ಕಟ್ಟಡವಾಗಿ ಅದನ್ನು ವಿದ್ಯಾರ್ಥಿಗಳಿಗೆ ಓದಿಸುತ್ತೇನೆ. ನಮಗೆ ಒಪ್ಪಿಗೆಯಾಗದ ಕಡೆಯಿಂದಲೂ ಕಲಿಯುವುದಿದೆ.

ನೀವು ಕನ್ನಡದ ಪರ ಬರೆಯುವಾಗ ಇದೇ ಪಟ್ಟು ಹೀಗೆ ಬರುತ್ತದೆ:

‘ಪಿಯುಸಿ ವಿಜ್ಞಾನದ ತರಗತಿಗಳು ಬಹುತೇಕ ಇಂಗ್ಲಿಷಿನಲ್ಲೇ ನಡೆಯುತ್ತವೆ, ಕನ್ನಡ ಮಾಧ್ಯಮದಿಂದ ಹೋದ ಮಕ್ಕಳು ಮೊದಲ ತಿಂಗಳುಗಳಲ್ಲಿ ಒದ್ದಾಡುತ್ತಾರೆ. ಇದು ನಿಜ, ಅನುಭವಿಸಿದವರು ನಮ್ಮ ಮನೆಗಳಲ್ಲೇ ಇದ್ದಾರೆ. ಆದರೆ ಈ ಒದ್ದಾಟ ಹುಟ್ಟುವುದು ಹತ್ತನೇ ತರಗತಿಯಿಂದ ಪಿಯುಸಿಗೆ ದಾಟುವ ಕಡೆ. ಅಲ್ಲಿ ಸೇತುವೆ ಇಲ್ಲವೆಂದು ಆರು ವರ್ಷದ ಮಗುವನ್ನು ಅರ್ಥವಾಗದ ಭಾಷೆಯಲ್ಲಿ ಕೂರಿಸುವುದು ಪರಿಹಾರವಲ್ಲ. ಅಲ್ಲೇ ಸೇತುವೆ ಕಟ್ಟಬೇಕು.’

ಇಂಗ್ಲಿಷ್ ಪರ ಬರೆಯುವವರಿಗೂ ಇದು ಅಷ್ಟೇ ಒದಗುತ್ತದೆ: ‘ಮಗು ಮನೆಮಾತಿನಲ್ಲಿ ಬೇಗ ಗ್ರಹಿಸುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಉಳ್ಳವರ ಮಕ್ಕಳು ಇಂಗ್ಲಿಷ್ ಶಾಲೆಯಲ್ಲಿ ಮುಂದುವರಿಯುವ ತನಕ, ಬಡವರ ಮಕ್ಕಳಷ್ಟೇ ತಾಯ್ನುಡಿಯ ಹೊರೆ ಹೊರಬೇಕೆ?’ ಈ ಮಾತಿಗೆ ದೊಡ್ಡ ಹಿನ್ನೆಲೆಯಿದೆ. ಹತ್ತೊಂಬತ್ತನೇ ಶತಮಾನದಲ್ಲೇ, ದಲಿತ, ಹಿಂದುಳಿದವರ ಮಕ್ಕಳಿಗೆ ಶಾಲೆ ನಡೆಸಿದ ಸಾವಿತ್ರಿಬಾಯಿ ಫುಲೆ ಇಂಗ್ಲಿಷ್ ಕಲಿಯಿರಿ ಎಂದು ಕವಿತೆ ಬರೆದವರು. ಕನ್ನಡ ಮಾಧ್ಯಮದ ಪರ ಬರೆಯುವವರು ಎದುರಿಸಬೇಕಾದ ಅತಿ ಬಲವಾದ ವಾದ ಇದು. ಇದನ್ನು ಬಿಟ್ಟು ‘ಫ್ಯಾಷನ್ನಿಗಾಗಿ ಇಂಗ್ಲಿಷ್ ಶಾಲೆ’ ಎಂಬ ಸುಲಭದ ವಾದಕ್ಕೆ ಹೊಡೆಯುವುದು ನ್ಯಾಯವಲ್ಲ.

ಈ ದಾರಿಯಲ್ಲಿ ಎಚ್ಚರ ಬೇಕಾದದ್ದು ಒಂದೇ: ಒಪ್ಪಿಗೆ ನಿಜವಾದ ಒಪ್ಪಿಗೆಯಾಗಿರಬೇಕು. ಒಂದು ವಾಕ್ಯದಲ್ಲಿ ಒಪ್ಪಿದಂತೆ ಮಾಡಿ ಎಂಟು ವಾಕ್ಯದಲ್ಲಿ ಕಿತ್ತುಕೊಂಡರೆ ಓದುವವರಿಗೆ ತಿಳಿಯುತ್ತದೆ.

ನಮ್ಮ ಮಾತಿಗೇ ಬೇಲಿ ಹಾಕಿಕೊಳ್ಳುವುದು

ಕೆಲವು ಎದುರು ಮಾತುಗಳು ಸರಿಯಾಗಿಯೇ ಇರುತ್ತವೆ. ಆಗ ಖಂಡನೆಯೂ ಕೂಡದು, ತಿರುಗಿಸುವುದೂ ಕೂಡದು. ನಮ್ಮ ವಾದವನ್ನೇ ಅಷ್ಟರ ಮಟ್ಟಿಗೆ ಚಿಕ್ಕದು ಮಾಡಿಕೊಳ್ಳಬೇಕು.

‘ಕರ್ನಾಟಕದ ಎಲ್ಲ ಮಕ್ಕಳೂ ಮಾತೃಭಾಷೆಯಾದ ಕನ್ನಡದಲ್ಲೇ ಕಲಿಯಬೇಕು’ ಎಂದು ಬರೆದಿರೋ, ತುಳು, ಕೊಂಕಣಿ, ಕೊಡವ, ಬ್ಯಾರಿ, ಲಂಬಾಣಿ, ಉರ್ದು ಮನೆಮಾತಿನ ಮಕ್ಕಳು ಎದುರಿಗೆ ನಿಲ್ಲುತ್ತಾರೆ. ಮಂಗಳೂರಿನ ಕಡೆಯ ಮಗುವಿಗೆ ಮಾತೃಭಾಷೆ ತುಳು, ಶಾಲೆಯ ಭಾಷೆ ಕನ್ನಡ. ಮಾತೃಭಾಷೆ ಎಂದರೇನು, ಅದನ್ನು ಗೊತ್ತುಮಾಡುವವರು ಯಾರು ಎಂಬುದು ಆ ಸಂವಿಧಾನ ಪೀಠದ ಮುಂದಿದ್ದ ಐದು ಪ್ರಶ್ನೆಗಳಲ್ಲಿ ಮೊದಲನೆಯದೇ ಆಗಿತ್ತು. ನೀವು ‘ಮಗು ಆಡುವ, ಕೇಳುವ ಪರಿಸರದ ಭಾಷೆ’ ಎಂದು ತಿದ್ದಿಕೊಂಡರೆ ವಾದ ಸ್ವಲ್ಪ ಕಿರಿದಾಗುತ್ತದೆ, ಆದರೆ ಅಲುಗಾಡುವುದಿಲ್ಲ. ಉರ್ದು, ಮರಾಠಿ ಮಾಧ್ಯಮದ ಸರ್ಕಾರಿ ಶಾಲೆಗಳು ನಮ್ಮಲ್ಲಿ ಇರುವುದನ್ನೂ ಆಗ ಹೆಮ್ಮೆಯಿಂದ ನಿಮ್ಮ ಪರವಾಗಿಯೇ ಹೇಳಬಹುದು.

ನಡುದಾರಿ

ಹಕ್ಕಿನ ಮಾತುಗಳು ಎದುರುಬದುರಾದಾಗ ಎರಡೂ ಕಡೆಯವರು ಒಪ್ಪುವ ನೆಲ ಹುಡುಕಿ, ಅಲ್ಲಿಂದ ಪ್ರಸ್ತಾವ ಕಟ್ಟುವುದು ಇನ್ನೊಂದು ದಾರಿ. 2019ರಲ್ಲಿ ಸರ್ಕಾರ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಲು ಹೊರಟಾಗ ಸಾಹಿತಿಗಳು ವಿರೋಧಿಸಿದರು, ಎಷ್ಟೋ ಪೋಷಕರು ಸ್ವಾಗತಿಸಿದರು. ಆದರೆ ಇಬ್ಬರೂ ಒಪ್ಪುವ ಮಾತೊಂದಿತ್ತು: ಊರಿನ ಸರ್ಕಾರಿ ಶಾಲೆ ಮುಚ್ಚಬಾರದು. ಅದನ್ನು ಪ್ರಬಂಧದ ಮೊದಲ ಕಲ್ಲು ಮಾಡಿಕೊಂಡರೆ ಇಂಗ್ಲಿಷ್ ಪರ ಇರುವ ಓದುಗರೂ ಮುಂದೆ ಓದುತ್ತಾರೆ.

ನಡುದಾರಿ ಎಲ್ಲ ಕಡೆಗೂ ಸಲ್ಲುವುದಿಲ್ಲ. ಒಂದು ಕಡೆ ಸ್ಪಷ್ಟವಾಗಿ ಅನ್ಯಾಯವಿದ್ದಾಗ, ದಲಿತ ಹೆಂಗಸು ಮಾಡಿದ ಬಿಸಿಯೂಟವನ್ನು ಮಕ್ಕಳು ಉಣ್ಣಬಾರದು ಎಂದು ಯಾರಾದರೂ ಹೇಳಿದಾಗ, ಎರಡೂ ಕಡೆ ಅರ್ಥಮಾಡಿಕೊಳ್ಳೋಣ ಎಂದು ಬರೆಯುವುದು ಹೇಡಿತನ. ಅಲ್ಲಿ ನೇರ ಖಂಡನೆಯೇ ಬೇಕು.

ಎಲ್ಲಿಡುವುದು?

ಶಾಲೆಯಲ್ಲಿ ನಮಗೆ ಕಲಿಸಿದ ಚೌಕಟ್ಟು ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಇದರಲ್ಲಿ ಎದುರು ವಾದಕ್ಕೆ ಗೊತ್ತಾದ ಜಾಗವೇ ಇಲ್ಲ. ಹಾಗಾಗಿ ಮಕ್ಕಳು ಅದನ್ನು ಉಪಸಂಹಾರಕ್ಕೆ ಮುಂಚೆ ತುರುಕುತ್ತಾರೆ. ನನ್ನ ಅನುಭವದಲ್ಲಿ ಇದು ಅತಿ ದುರ್ಬಲ ಜಾಗ, ನೆನಪಾಗಿ ಸೇರಿಸಿದ ಹಾಗೆ ಕಾಣುತ್ತದೆ, ಸಮಯವೂ ಮುಗಿದಿರುತ್ತದೆ.

ಹಳಬರ ಕ್ರಮ ಬೇರೆಯಿತ್ತು. ವೇದವಾಕ್ಯಗಳ ಅರ್ಥವನ್ನು ವಿಚಾರಿಸುವ ಮೀಮಾಂಸೆಯ ಒಂದೊಂದು ಅಧಿಕರಣದಲ್ಲೂ, ಅಂದರೆ ಒಂದೊಂದು ಚರ್ಚೆಯಲ್ಲೂ, ವಿಷಯ, ಸಂಶಯ ಆದ ಕೂಡಲೇ ಪೂರ್ವಪಕ್ಷ, ಅಂದರೆ ಎದುರಾಳಿಯ ವಾದ. ಸಿದ್ಧಾಂತ, ಅಂದರೆ ತಮ್ಮ ತೀರ್ಮಾನ, ಆಮೇಲೆ. ಓದುಗರು ನಿಮಗೆ ವಿರುದ್ಧವಾಗಿದ್ದಾರೆ ಎಂದು ಗೊತ್ತಿದ್ದರೆ ಹೀಗೆ ಮುಂದೆಯೇ ಇಡಿ. ಪೂರ್ವಪಕ್ಷ ಓದಿದ ಎದುರಾಳಿ ‘ಹೌದು, ನಾನು ಹೇಳುವುದು ಇದನ್ನೇ’ ಎಂದು ತಲೆದೂಗುವಂತಿರಬೇಕು. ಉದ್ದದ ಪ್ರಬಂಧದಲ್ಲಿ, ಕೆಎಎಸ್ ಮುಖ್ಯ ಪರೀಕ್ಷೆಯ ಪ್ರಬಂಧ ಪತ್ರಿಕೆಯಂಥ ಕಡೆ, ಒಂದೊಂದು ಅಂಶದ ಜೊತೆಗೇ ಅದರ ಎದುರು ಮಾತನ್ನೂ ಮುಗಿಸಿಕೊಂಡು ಹೋಗುವುದು ವಾಸಿ. ಬಲವಾದ ಎರಡು ಎದುರು ವಾದ ಸಾಕು. ಐದಾರನ್ನು ಎಳೆದು ತಂದರೆ ನಿಮ್ಮ ನಿಲುವೇ ಕಾಣೆಯಾಗುತ್ತದೆ.

ಚರ್ಚಾಸ್ಪರ್ಧೆಯಲ್ಲಿ ಪಳಗಿದ ಮಕ್ಕಳಿಗೆ ಇದು ಮೊದಮೊದಲು ಕಷ್ಟ. ಅಲ್ಲಿ ಪರ ಎಂದರೆ ಪರ, ವಿರೋಧ ಎಂದರೆ ವಿರೋಧ. ಗೆಲ್ಲುವುದಕ್ಕಾಗಿ ಆಡುವ ಅಂಥ ಮಾತಿಗೆ ನ್ಯಾಯಸೂತ್ರದಲ್ಲಿ ‘ಜಲ್ಪ’ ಎಂದು ಹೆಸರು, ನಿಜ ತಿಳಿಯಲು ಆಡುವುದು ‘ವಾದ’. ತನ್ನದೊಂದು ನಿಲುವೇ ಇಲ್ಲದೆ ಎದುರಿನದನ್ನು ಕೆಡವುವುದಷ್ಟೇ ‘ವಿತಂಡ’. ಪ್ರಬಂಧಕ್ಕೆ ಬೇಕಾದದ್ದು ಮೊದಲಿನದಲ್ಲ, ಮೂರನೆಯದಂತೂ ಅಲ್ಲವೇ ಅಲ್ಲ.

‘ಆದರೆ’ ಎಲ್ಲಿ ಬೀಳುತ್ತದೆ

‘ಇಂಗ್ಲಿಷ್ ಶಾಲೆಯಲ್ಲಿ ಅವಕಾಶ ಹೆಚ್ಚು, ಆದರೆ ಮಗುವಿಗೆ ಪಾಠ ಅರ್ಥವಾಗುವುದಿಲ್ಲ.’ ‘ಮಗುವಿಗೆ ಪಾಠ ಅರ್ಥವಾಗುವುದಿಲ್ಲ, ಆದರೆ ಇಂಗ್ಲಿಷ್ ಶಾಲೆಯಲ್ಲಿ ಅವಕಾಶ ಹೆಚ್ಚು.’ ಪದಗಳು ಅವೇ, ಬರೆದವರ ನಿಲುವು ತಿರುಗಿಬಿಟ್ಟಿದೆ. ಕನ್ನಡದಲ್ಲಿ ತೂಕ ‘ಆದರೆ’ಯ ಆಚೆ ಬೀಳುತ್ತದೆ. ಎಷ್ಟೋ ಮಕ್ಕಳು ತಮ್ಮ ಮಾತನ್ನು ‘ಆದರೆ’ಯ ಈಚೆಗಿಟ್ಟು, ಗೊತ್ತಿಲ್ಲದೆಯೇ ಎದುರಾಳಿಯನ್ನು ಗೆಲ್ಲಿಸಿರುತ್ತಾರೆ. ಬರೆದಾದ ಮೇಲೆ ಒಂದೊಂದು ‘ಆದರೆ’ಗೂ ಪೆನ್ಸಿಲಿನಲ್ಲಿ ಸುತ್ತು ಹಾಕಿ ನೋಡಿ.

ಕ್ರಿಯಾಪದವನ್ನೂ ನೋಡಿ. ಪೋಷಕರು ‘ಎನ್ನುತ್ತಾರೆ’ಯೋ, ‘ವಾದಿಸುತ್ತಾರೆ’ಯೋ, ‘ಬೊಬ್ಬೆ ಹಾಕುತ್ತಾರೆ’ಯೋ? ಮೂರನೆಯದನ್ನು ಬರೆದ ಕೂಡಲೇ ನೀವು ಅವರ ಮಾತು ಕೇಳುವುದನ್ನು ನಿಲ್ಲಿಸಿದ್ದೀರಿ. ‘ಕೆಲವರು’ ಎಂದು ಬರೆದ ಕಡೆಯೆಲ್ಲ ಯಾರು ಎಂದು ಕೇಳಿಕೊಳ್ಳಿ. ಶಾಲೆಯ ಆಡಳಿತ ಮಂಡಳಿಯೇ? ಪೋಷಕರೇ? ಕೋರ್ಟೇ? ಒಬ್ಬೊಬ್ಬರಿಗೂ ಕೊಡಬೇಕಾದ ಉತ್ತರ ಬೇರೆ.

ಆ ಹುಡುಗಿಯ ಪ್ರಬಂಧಕ್ಕೆ ಮೊದಲ ಬಹುಮಾನ ಕೊಟ್ಟೆವು. ಅಮ್ಮನ ಮಾತಿಗೆ ಅವಳು ಕೊಟ್ಟ ಉತ್ತರ ಇದು: ‘ನಾನು ಚಿಕ್ಕವಳಿದ್ದಾಗ ಅಮ್ಮ ಒಲೆ ಮುಂದೆ ಕೂತು ನನ್ನ ಪದ್ಯ ಒಪ್ಪಿಸಿಕೊಳ್ಳುತ್ತಿದ್ದಳು. ತಪ್ಪಿದರೆ ಅವಳೇ ಹೇಳಿಕೊಡುತ್ತಿದ್ದಳು. ಈಗ ತಮ್ಮನ ಪುಸ್ತಕ ತೆಗೆದು, ಚಿತ್ರ ನೋಡಿ, ಮುಚ್ಚಿಡುತ್ತಾಳೆ. ಅವನು ಮುಂದೆ ಬರಲಿ ಎಂಬ ಅಮ್ಮನ ಆಸೆ ಸರಿಯಾಗಿದೆ. ಆದರೆ ಅದಕ್ಕೆ ಅವಳು ಆರಿಸಿಕೊಂಡ ದಾರಿಯಲ್ಲಿ ಅವಳಿಗೇ ಜಾಗವಿಲ್ಲ.’

ಅಭ್ಯುಪಗಮ ಎಂಬ ಪದವನ್ನು ಅವಳು ಕೇಳಿರಲಾರಳು. ಹಾಳೆ ವಾಪಸು ಕಳಿಸುವಾಗ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನೆ ಬರೆದೆ, ಅವಳು ಅಲ್ಲಿ ತನಕ ಮುಟ್ಟಿರಲಿಲ್ಲ: ‘ತಮ್ಮ ಪಿಯುಸಿಗೆ ಬಂದಾಗ ಏನು ಮಾಡೋಣ?’